ಬೆಣ್ಣೆ ಕರಗೋದು, ಸಕ್ಕರೆ ಕರಗೋದು ಎರಡೂ ಒಂದೇನಾ?

ಬಾಣಲೇಲಿ ಬೆಣ್ಣೆ ಕರಗ್ತು ಅಂತೀವಿ, ಕಾಫೀಲಿ ಸಕ್ಕರೆ ಕರಗ್ತು ಅಂತಾನೂ ಅಂತೀವಿ, ಮಾತು ಒಂದೇ ಆದ್ರೂ ಒಳಗೆ ನಡೆಯೋ ಕೆಲಸ ಪೂರ್ತಿ ಬೇರೆ. ಬೆಣ್ಣೆಗೆ ಬಿಸಿ ಒಂದಿದ್ರೆ ಸಾಕು. ಉಪ್ಪನ್ನ ಹಂಗೆ ಬರೀ ಬಿಸಿಯಿಂದ ಕರಗಿಸ್ಬೇಕು ಅಂದ್ರೆ 801 ಡಿಗ್ರಿ ಸೆಲ್ಸಿಯಸ್ ಬೇಕು, ಅಡುಗೆಮನೇಲಿ ಆಗೋ ಮಾತಲ್ಲ, ಆದ್ರೆ ಅದೇ ಉಪ್ಪನ್ನ ತಣ್ಣೀರಿಗೆ ಹಾಕಿ ಚಮಚ ಆಡಿಸಿದ್ರೆ ಸ್ವಲ್ಪ ಹೊತ್ತಲ್ಲೇ ಮಾಯ!

ಇದು ನೀರಿನ ಕೈಚಳಕ. ನೀರಿನ ಅಣೂಲಿ ಆಕ್ಸಿಜನ್ ಕಡೆ ಸ್ವಲ್ಪ ನೆಗೆಟಿವ್, ಹೈಡ್ರೋಜನ್ ಕಡೆ ಸ್ವಲ್ಪ ಪಾಸಿಟಿವ್. ಉಪ್ಪಿನ ಹರಳಲ್ಲಿ ಪಾಸಿಟಿವ್ ಸೋಡಿಯಂ, ನೆಗೆಟಿವ್ ಕ್ಲೋರೈಡ್ ಸಾಲಾಗಿ ಅಂಟ್ಕೊಂಡಿರ್ತವೆ. ನೀರಿನ ಅಣುಗಳು ಆಕ್ಸಿಜನ್ ತುದಿಯಿಂದ ಸೋಡಿಯಂನ, ಹೈಡ್ರೋಜನ್ ತುದಿಯಿಂದ ಕ್ಲೋರೈಡ್‌ನ ಮುತ್ಕೊಂಡು, ಹರಳಿನ ಅಂಚಿಂದ ಒಂದೊಂದನ್ನೇ ಎಳ್ಕೊಂಡು ಹೋಗ್ತವೆ. ಸಕ್ಕರೆ ಹೀಗೆ ಒಡೆಯಲ್ಲ, ಅಣು ಇಡಿಯಾಗೇ ಇರುತ್ತೆ, ಹೈಡ್ರೋಜನ್ ಬಾಂಡ್ ಮೂಲಕ ನೀರಿನ ಕೈ ಹಿಡ್ಕೊಳ್ಳುತ್ತೆ ಅಷ್ಟೇ. ಎಣ್ಣೆಗೆ ಆ ಹಿಡಿತ ಸಿಗಲ್ಲ, ಅದಕ್ಕೇ ಸಾರಲ್ಲಿ ಬೆರೆಯಲ್ಲ, ನೀರಿಗಿಂತ ಹಗುರ ಆಗಿರೋದ್ರಿಂದ ಮೇಲೆ ತೇಲುತ್ತೆ.

ಒಂದು ಸಲ ಹೀಗೆ ಮಾಡಿ ನೋಡಿ. ಕಲ್ಲುಸಕ್ಕರೆ ತುಂಡಿಗೆ ದಾರ ಕಟ್ಟಿ ಗಾಜಿನ ಲೋಟದ ನೀರಲ್ಲಿ ಮೇಲ್ಭಾಗಕ್ಕೆ ಮುಳುಗೋಷ್ಟು ಇಳಿಬಿಟ್ಟು, ಅಲ್ಲಾಡಿಸದೆ ಕಿಟಕಿ ಬೆಳಕಿಗೆ ಎದುರಾಗಿ ನೋಡ್ತಾ ಕೂತ್ರೆ, ತುಂಡಿಂದ ಬಿಸಿಲಿನ ಝಳದ ಥರ ನಡುಗೋ ಸಣ್ಣ ಎಳೆಗಳು ಕೆಳಗಿಳೀತಿರೋದು ಕಾಣುತ್ತೆ. ಅದು ಸಕ್ಕರೆ ತುಂಬ್ಕೊಂಡು ಭಾರ ಆದ ನೀರು. ಲೋಟದ ತಳದ ಕಾಫಿ ಯಾಕೆ ಅಷ್ಟು ಸಿಹಿ ಅಂತ ಆಗ ಗೊತ್ತಾಗುತ್ತೆ.

ನೀರಿಗೂ ಒಂದು ಮಿತಿ ಇದೆ. 25 ಡಿಗ್ರೀಲಿ 100 ಗ್ರಾಂ ನೀರು ಸುಮಾರು 36 ಗ್ರಾಂ ಉಪ್ಪು ಹಿಡಿಯುತ್ತೆ, ಕುದಿಸಿದ್ರೂ 39 ದಾಟೋದು ಕಷ್ಟ. ಸಕ್ಕರೆ ಹಂಗಲ್ಲ, ತಣ್ಣೀರಲ್ಲೇ ಸುಮಾರು 200 ಗ್ರಾಂ, ಕುದಿಯೋ ನೀರಲ್ಲಿ 480ಕ್ಕೂ ಮೇಲೆ. ಜಾಮೂನಿನ ಪಾಕ ಗಟ್ಟಿಯಾಗಿ ಕಾಯಿಸಿದ್ರೆ ಮಾರನೇ ದಿನ ಡಬ್ಬಿ ಅಂಚಲ್ಲಿ ಹರಳು ಕಟ್ಟೋದು ಇದಕ್ಕೇನೇ, ಬಿಸೀಲಿ ಹಿಡಿದಿದ್ದ ಸಕ್ಕರೇನ ತಣ್ಣಗಾದ ನೀರು ಬಿಟ್ಬಿಡುತ್ತೆ. ನಮ್ಮಮ್ಮ ಪಾಕಕ್ಕೆ ನಾಲ್ಕು ಹನಿ ನಿಂಬೆರಸ ಹಿಂಡ್ತಾರೆ, ಆ ಹುಳಿ ಒಂದಿಷ್ಟು ಸಕ್ಕರೇನ ಗ್ಲುಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತೆ, ಬೇರೆ ಆಕಾರದ ಅಣುಗಳು ನಡುವೆ ಸೇರ್ಕೊಂಡಾಗ ಹರಳು ಸಾಲಾಗಿ ಕಟ್ಟೋಕಾಗಲ್ಲ. ಆಗ್ಲೇ ಕಟ್ಬಿಟ್ಟಿದ್ರೆ ಪಾಕ ಬಿಸಾಡ್ಬೇಡಿ, ಸ್ವಲ್ಪ ನೀರು ಸೇರಿಸಿ ಸಣ್ಣ ಉರೀಲಿ ಬಿಸಿ ಮಾಡಿ, ಮತ್ತೆ ಕರಗುತ್ತೆ.