ದಾರದ ಅಳತೆ, ಗಾಳಿಯ ಲೆಕ್ಕ

ಬೀಜಿಂಗ್ ಮತ್ತು ನ್ಯೂಯಾರ್ಕ್ ಎರಡೂ ಹೆಚ್ಚುಕಡಿಮೆ 40 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಗೋಡೆಯ ನಕ್ಷೆ ನೋಡಿದರೆ, ಬೀಜಿಂಗ್‌ನಿಂದ ಪೂರ್ವಕ್ಕೆ ಸುಮ್ನೆ ಒಂದು ನೇರ ಗೆರೆ ಎಳೆದರೆ ಆಯ್ತು ಅನಿಸುತ್ತದೆ. ಆ ಗೆರೆ ಹಿಡಿದು ಹೊರಟರೆ ಸುಮಾರು 14,400 ಕಿ.ಮೀ.

ಈಗ 30 ಸೆಂ.ಮೀ. ಅಡ್ಡಳತೆಯ ಒಂದು ಗ್ಲೋಬ್, ಒಂದು ತುಂಡು ದಾರ ತಗೊಳ್ಳಿ. ದಾರದ ತುದಿಯನ್ನು ಹೆಬ್ಬೆರಳಿನಿಂದ ಬೀಜಿಂಗ್ ಮೇಲೆ ಒತ್ತಿ ಹಿಡಿಯಿರಿ. ಇನ್ನೊಂದು ಕೊನೆಯನ್ನು ನ್ಯೂಯಾರ್ಕ್ ಮೇಲಿಟ್ಟು ಬಿಗಿಯಾಗಿ ಎಳೆಯಿರಿ. ಅಕ್ಷಾಂಶದ ಗೆರೆಯ ಮೇಲೆ ದಾರ ನಿಲ್ಲುವುದೇ ಇಲ್ಲ. ಮೇಲಕ್ಕೆ ಜಾರಿ, ಉತ್ತರ ಧ್ರುವದ ಪಕ್ಕದಲ್ಲಿ ಹೋಗಿ ಕೂರುತ್ತದೆ. ಅಳೆದರೆ 26 ಸೆಂ.ಮೀ. ಅಕ್ಷಾಂಶದ ಗುಂಟ ಅಳೆದಿದ್ದರೆ 34 ಆಗುತ್ತಿತ್ತು. ನೆಲದ ಲೆಕ್ಕದಲ್ಲಿ ದಾರದ ದಾರಿ ಸುಮಾರು 11,000 ಕಿ.ಮೀ. ಮಾತ್ರ! ಇದಕ್ಕೆ ಮಹಾವೃತ್ತದ ದಾರಿ ಅಂತ ಹೆಸರು. ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ಅಂತ ಕೊಡುವುದು ಸಾಮಾನ್ಯವಾಗಿ ಇದನ್ನೇ.

ದೂರ ಸಿಕ್ಕಿತು, ವೇಗದಿಂದ ಭಾಗಿಸಿದರೆ ಸಮಯ ಸಿಗಬೇಕು ಅಲ್ವಾ? ಸಿಗುವುದಿಲ್ಲ. ರನ್‌ವೇವರೆಗೆ ಉರುಳುವುದು, ಮೇಲೇರುವುದು, ಇಳಿಯಲು ಸರದಿ ಕಾಯುವುದು ಎಲ್ಲ ಸೇರಬೇಕು. ಆದರೆ ಲೆಕ್ಕವನ್ನು ನಿಜವಾಗಿ ಬದಲಿಸುವುದು ಗಾಳಿ.

ದೊಡ್ಡ ಜೆಟ್ ವಿಮಾನದ ವೇಗ ಗಂಟೆಗೆ ಸುಮಾರು 900 ಕಿ.ಮೀ. ಅದು ಸುತ್ತಲಿನ ಗಾಳಿಗೆ ಹೋಲಿಸಿದ ವೇಗ, ನೆಲಕ್ಕಲ್ಲ. ಆ ಗಾಳಿಯೇ ಹೊಳೆಯಂತೆ ಹರಿಯುತ್ತಿದ್ದರೆ? ನೆಲದಿಂದ 9ರಿಂದ 12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹಾಗೇ ಹರಿಯುತ್ತದೆ. ಅದೇ ಜೆಟ್ ಸ್ಟ್ರೀಮ್. ನ್ಯೂಯಾರ್ಕ್‌ನಿಂದ ಲಂಡನ್‌ಗೆ ಸುಮಾರು 7 ಗಂಟೆ ಸಾಕು, ವಾಪಸ್ ಬರಲು 8 ಬೇಕು. 2020ರ ಫೆಬ್ರವರಿಯಲ್ಲಿ ಈ ಹೊಳೆ ಉಕ್ಕಿ ಹರಿಯುತ್ತಿದ್ದಾಗ, ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ಒಂದು ಐದು ಗಂಟೆಯೊಳಗೇ ಲಂಡನ್ ಮುಟ್ಟಿತು. ನೆಲದ ಲೆಕ್ಕದಲ್ಲಿ ಅದರ ವೇಗ ಒಮ್ಮೆ 1,300 ಕಿ.ಮೀ. ದಾಟಿತ್ತು. ಆ ಎತ್ತರದಲ್ಲಿ ಶಬ್ದದ ವೇಗ ಸುಮಾರು 1,060. ಆದರೂ ವಿಮಾನ ಶಬ್ದವನ್ನು ಹಿಂದೆ ಹಾಕಲಿಲ್ಲ, ಯಾಕೆಂದರೆ ಗಾಳಿಯೇ ಅದನ್ನು ಹೊತ್ತುಕೊಂಡು ಹೋಗುತ್ತಿತ್ತು. ನನಗೆ ಇದು ಎಷ್ಟು ಸಲ ಯೋಚಿಸಿದರೂ ಬೆರಗು.

ಹೋಗುವಾಗ ಕಳೆದುಕೊಂಡ ಸಮಯ ಬರುವಾಗ ಸಿಕ್ಕಿ ಸರಿಹೋಗುತ್ತದೆ ಅಂದುಕೊಳ್ಳಬೇಡಿ. 5,540 ಕಿ.ಮೀ. ದಾರಿ, 100 ಕಿ.ಮೀ. ವೇಗದ ಗಾಳಿ. ಹಿಂದಿನಿಂದ ಬೀಸಿದರೆ 37 ನಿಮಿಷ ಉಳಿಯುತ್ತದೆ. ಎದುರಿಗೆ ಬೀಸಿದರೆ 46 ನಿಮಿಷ ಹೋಗುತ್ತದೆ. ಎದುರುಗಾಳಿಯಲ್ಲಿ ನಿಧಾನವಾಗುವ ವಿಮಾನ ಅದೇ ಗಾಳಿಯೊಳಗೆ ಜಾಸ್ತಿ ಹೊತ್ತು ಸಿಕ್ಕಿಕೊಂಡಿರುತ್ತದಲ್ಲ!

ಅದಕ್ಕೇ ಉತ್ತರ ಅಟ್ಲಾಂಟಿಕ್‌ನ ವಿಮಾನದಾರಿಗಳನ್ನು ಗಾಳಿ ನೋಡಿಕೊಂಡು ದಿನವೂ ಹೊಸದಾಗಿ ಎಳೆಯುತ್ತಾರೆ. ಪೂರ್ವಕ್ಕೆ ಹೋಗುವವರಿಗೆ ಒಂದು ಗುಂಪು, ಪಶ್ಚಿಮಕ್ಕೆ ಬರುವವರಿಗೆ ಇನ್ನೊಂದು. ಕೆಲವು ದಿನ ದಾರದ ದಾರಿ ಬಿಟ್ಟು ನೂರಾರು ಕಿ.ಮೀ. ಸುತ್ತು ಹಾಕಿದ ವಿಮಾನವೇ ಮೊದಲು ಊರು ಸೇರುತ್ತದೆ.