ನಾಲೆಯ ಬಯಲಿಗೆ ಚಳಿಜ್ವರ ಬಂದ ಬಗೆ

ಕೃಷ್ಣರಾಜಸಾಗರದ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾಯಿತು. 1930ರ ದಶಕದ ಮೊದಲ ವರ್ಷಗಳಲ್ಲಿ ಇರ್ವಿನ್ ನಾಲೆಯಲ್ಲಿ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿದು, ರಾಗಿ, ಹುರುಳಿ ಬೆಳೆಯುತ್ತಿದ್ದ ಮಂಡ್ಯದ ಖುಷ್ಕಿ ನೆಲ ಭತ್ತ, ಕಬ್ಬುಗಳ ಸೀಮೆಯಾಯಿತು. ಆ ನೀರಿನ ಬೆನ್ನಿಗೇ ಚಳಿಜ್ವರವೂ, ಅಂದರೆ ಮಲೇರಿಯಾವೂ ಹಳ್ಳಿಗಳನ್ನು ಹೊಕ್ಕಿತು. ತಪ್ಪು ನಾಲೆಯದಲ್ಲ, ನೀರು ಕೊಡುವಾಗ ತೋರಿದ ಮುತುವರ್ಜಿಯನ್ನು ಹೆಚ್ಚಾದ ನೀರನ್ನು ಬಸಿದು ಹೊರಹಾಕುವುದರಲ್ಲಿ ತೋರದಿದ್ದುದರ ಫಲ ಅದು.

ಮಲೇರಿಯಾದ ಪರಾವಲಂಬಿಯನ್ನು ಫ್ರೆಂಚ್ ವೈದ್ಯ ಲ್ಯಾವರಾನ್ 1880ರಲ್ಲಿ ಅಲ್ಜೀರಿಯಾದಲ್ಲಿ ರೋಗಿಯೊಬ್ಬನ ರಕ್ತದಲ್ಲಿ ಕಂಡಿದ್ದರು. 1897ರಲ್ಲಿ ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಅದನ್ನು ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯಲ್ಲಿ ಗುರುತಿಸಿದರು. ಹೆಣ್ಣು ಸೊಳ್ಳೆಯ ಜೊಲ್ಲಿನೊಡನೆ ನಮ್ಮ ದೇಹ ಸೇರುವ ಈ ಜೀವಿ ಮೊದಲು ಯಕೃತ್ತಿನಲ್ಲಿ ಒಡೆದೊಡೆದು ಸಾವಿರಾರಾಗಿ, ಬಳಿಕ ಕೆಂಪು ರಕ್ತಕಣಗಳಿಗೆ ನುಗ್ಗುತ್ತದೆ. ವೈವಾಕ್ಸ್ ಎಂಬ ಬಗೆಯ ಮಲೇರಿಯಾದಲ್ಲಿ ಸುಮಾರು 48 ಗಂಟೆಗೊಮ್ಮೆ ರಕ್ತಕಣಗಳು ಒಟ್ಟಾಗಿ ಒಡೆಯುವುದರಿಂದಲೇ ಜ್ವರ ದಿನ ಬಿಟ್ಟು ದಿನ ನಡುಗಿಸುತ್ತದೆ. ಆ ಬಗೆಯ ಕೆಲವು ಪರಾವಲಂಬಿಗಳು ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಸುಪ್ತವಾಗಿದ್ದು ಮತ್ತೆ ಎದ್ದು ಬರುವುದೂ ಉಂಟು.

ರಕ್ತದಲ್ಲಿರುವಾಗ ಕೆಲವು ಪರಾವಲಂಬಿಗಳು ಗಂಡು, ಹೆಣ್ಣು ರೂಪ ತಾಳುತ್ತವೆಯಾದರೂ ಅವು ಕೂಡುವುದು ಮನುಷ್ಯನಲ್ಲಲ್ಲ, ರಕ್ತ ಹೀರಿದ ಸೊಳ್ಳೆಯ ಹೊಟ್ಟೆಯಲ್ಲಿ. ಅಲ್ಲಿ ಬೆಳೆದು ಮರಿಗಳು ಜೊಲ್ಲುಗ್ರಂಥಿ ಮುಟ್ಟಲು ನಮ್ಮ ಹವೆಯಲ್ಲೂ ಹತ್ತು ದಿನವಾದರೂ ಬೇಕು. ಬಹುಪಾಲು ಸೊಳ್ಳೆಗಳು ಅಷ್ಟು ದಿನ ಬದುಕುವುದೇ ಇಲ್ಲ. ಊರಿಗೆಲ್ಲ ರೋಗ ಹಂಚುವವು ಬದುಕುಳಿದ ಕೆಲವೇ ಸೊಳ್ಳೆಗಳು. ಮಲೇರಿಯಾ ನಿಯಂತ್ರಣದ ಇತಿಹಾಸವೆಲ್ಲ ನಿಂತಿರುವುದು ಈ ಹತ್ತು ದಿನಗಳ ಮೇಲೆಯೇ ಎಂಬುದು ನನ್ನ ಎಣಿಕೆ.

ಬಯಲುಸೀಮೆಯಲ್ಲಿ ಈ ರೋಗವನ್ನು ಹೆಚ್ಚಾಗಿ ಹರಡುವ ಅನಾಫಿಲಿಸ್ ಕ್ಯುಲಿಸಿಫೇಸಿಸ್ ಸೊಳ್ಳೆ, ಕಾಲುವೆಯ ಅಂಚಿನ ತಿಳಿನೀರಿನಲ್ಲೂ ಹೊಸದಾಗಿ ನಾಟಿಯಾದ ಗದ್ದೆಯಲ್ಲೂ ಮೊಟ್ಟೆಯಿಡುತ್ತದೆ. ಅದಕ್ಕೆ ಮನುಷ್ಯರಿಗಿಂತ ದನದ ರಕ್ತವೇ ಇಷ್ಟ. ಆದರೆ ನಮ್ಮ ಹಳೆಯ ಮನೆಗಳಲ್ಲಿ ಕೊಟ್ಟಿಗೆಯೂ ಮಲಗುವ ಜಾಗವೂ ಒಂದೇ ಸೂರಿನಡಿ ಇದ್ದುದರಿಂದ ಅದಕ್ಕೆ ಎರಡೂ ಸಿಕ್ಕವು. ಸೊಳ್ಳೆಯ ಮರಿಗಳನ್ನು ತಿನ್ನಲೆಂದು ಗ್ಯಾಂಬೂಸಿಯಾ ಮೀನನ್ನು 1928ರಲ್ಲಿ ಇಟಲಿಯಿಂದ ಭಾರತಕ್ಕೆ ತಂದದ್ದುಂಟು. ದೊಡ್ಡ ಬದಲಾವಣೆ ತಂದದ್ದು ಮನೆಯ ಗೋಡೆಗೆ ಸಿಂಪಡಿಸುತ್ತಿದ್ದ ಕೀಟನಾಶಕ ಡಿಡಿಟಿ: ರಕ್ತ ಕುಡಿದು ಗೋಡೆಗೆ ಕೂತ ಸೊಳ್ಳೆ ಹತ್ತು ದಿನ ತುಂಬುವ ಮೊದಲೇ ಸಾಯುತ್ತಿತ್ತು. 1953ರಲ್ಲಿ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ, 1965ರ ಹೊತ್ತಿಗೆ ದೇಶದ ಪ್ರಕರಣಗಳು ಸುಮಾರು 1 ಲಕ್ಷಕ್ಕೆ ಇಳಿದವು. ಆದರೆ ಸೊಳ್ಳೆಗಳು ಔಷಧಕ್ಕೆ ಒಗ್ಗಿಕೊಂಡವು, ನಿಗಾ ಸಡಿಲವಾಯಿತು. 1976ರಲ್ಲಿ ಪ್ರಕರಣಗಳು 64 ಲಕ್ಷ ದಾಟಿದವು. ರೇಷ್ಮೆ ಸಾಕುವ ಹಳ್ಳಿಗಳಲ್ಲಿ ಇನ್ನೊಂದು ತೊಡಕಿತ್ತು: ಸೊಳ್ಳೆಗೆ ಹೊಡೆದ ಔಷಧಿ ಹುಳುವನ್ನೂ ಕೊಲ್ಲುವುದರಿಂದ, ಸಿಂಪಡಣೆ ಬೇಡವೆಂದ ರೈತರನ್ನು ಅಜ್ಞಾನಿಗಳೆನ್ನುವುದು ಅನ್ಯಾಯ.

ಇದೇ ಗದ್ದೆಗಳಲ್ಲಿ ಹುಟ್ಟುವ ಕ್ಯುಲೆಕ್ಸ್ ಸೊಳ್ಳೆಗಳು ಹೊತ್ತು ತರುವ ಜಪಾನೀಸ್ ಮೆದುಳು ಜ್ವರದ ರೀತಿ ಬೇರೆ. ವೈರಸ್ಸಿಗೆ ಗಂಡು, ಹೆಣ್ಣೆಂಬುದಿಲ್ಲ; ಅದು ಜೀವಕೋಶದೊಳಗೆ ಹೊಕ್ಕು, ಆ ಕೋಶದಿಂದಲೇ ತನ್ನ ನಕಲುಗಳನ್ನು ಮಾಡಿಸಿಕೊಳ್ಳುತ್ತದೆ. ಹಂದಿಯ ರಕ್ತದಲ್ಲೂ ಬೆಳ್ಳಕ್ಕಿಯಂಥ ನೀರುಹಕ್ಕಿಗಳ ರಕ್ತದಲ್ಲೂ ಅದು ಸೊಳ್ಳೆಗೆ ದಾಟುವಷ್ಟು ಹೆಚ್ಚುತ್ತದೆ. ಮನುಷ್ಯನ ರಕ್ತದಲ್ಲಿ ಅಷ್ಟು ಹೆಚ್ಚುವುದಿಲ್ಲ. ಹಾಗಾಗಿ ಮಲೇರಿಯಾ ರೋಗಿಗೆ ಪೂರ್ತಿ ಚಿಕಿತ್ಸೆ ಕೊಟ್ಟರೆ ನೆರೆಮನೆಯೂ ಉಳಿಯುತ್ತದೆ, ಆದರೆ ಮೆದುಳು ಜ್ವರದ ಲಸಿಕೆ ಹಾಕಿಸಿಕೊಂಡ ಮಗುವನ್ನಷ್ಟೇ ಕಾಯುತ್ತದೆ. ಆದ್ದರಿಂದ ಅದು ಪ್ರತಿ ಮಗುವಿಗೂ ತಲುಪಲೇಬೇಕು.