ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್, ಲಿನಕ್ಸ್ ಎರಡೂ: ಡ್ಯುಯಲ್ ಬೂಟ್ ಟಿಪ್ಪಣಿ

ಉಡುಪಿಯಲ್ಲಿ ನಾವು ಕೆಲವರು ಸೇರಿ ಲಿನಕ್ಸ್ ಕಲಿಯುತ್ತಿದ್ದೇವೆ. ಹೆಚ್ಚಿನವರ ಕಥೆ ಒಂದೇ. ಮನೆಯಲ್ಲಿ ಇರುವುದು ಒಂದು ಕಂಪ್ಯೂಟರ್. ಅದರಲ್ಲಿ ಅಪ್ಪನ ಅಂಗಡಿಯ ಟ್ಯಾಲಿ ಲೆಕ್ಕ ಇದೆ, ಅದಕ್ಕೆ ವಿಂಡೋಸ್ ಬೇಕೇ ಬೇಕು. ಹಾಗಾಗಿ ವಿಂಡೋಸ್ ತೆಗೆಯುವ ಮಾತೇ ಇಲ್ಲ, ಪಕ್ಕದಲ್ಲಿ ಜಾಗ ಮಾಡಿಕೊಂಡು ಲಿನಕ್ಸಿನ ಒಂದು ರೂಪವಾದ ಉಬುಂಟು ಹಾಕಬೇಕು.

ವರ್ಚುವಲ್‌ಬಾಕ್ಸ್ (ವಿಂಡೋಸಿನ ಒಳಗೇ ಲಿನಕ್ಸ್ ಓಡಿಸುವ ತಂತ್ರಾಂಶ) ಹಾಕಿದರೆ ಸಾಲದಾ ಅಂತ ಕೇಳುವವರಿದ್ದಾರೆ. ರ‍್ಯಾಮ್ ಸಾಕಷ್ಟಿದ್ದರೆ ಧಾರಾಳವಾಗಿ ಹಾಕಿ. ಆದರೆ 4 ಜಿಬಿ ರ‍್ಯಾಮ್ ಇರುವ ಹಳೇ ಯಂತ್ರದಲ್ಲಿ ಎರಡು ಓಎಸ್ (ಆಪರೇಟಿಂಗ್ ಸಿಸ್ಟಮ್) ಒಟ್ಟಿಗೆ ಓಡಿಸಿದರೆ ಎರಡೂ ತೆವಳುತ್ತವೆ. ಡ್ಯುಯಲ್ ಬೂಟ್‌ನಲ್ಲಿ ಒಂದು ಸಲಕ್ಕೆ ಓಡುವುದು ಒಂದೇ, ಇಡೀ ರ‍್ಯಾಮ್ ಅದಕ್ಕೇ ಸಿಗುತ್ತದೆ.

ಒಟ್ಟಿಗೆ ಓಡುವುದೇ ಇಲ್ಲ ಅಂದ ಮೇಲೆ ಜಗಳ ಎಲ್ಲಿಂದ ಬರುತ್ತದೆ? ಎರಡೂ ಹಂಚಿಕೊಳ್ಳುವ ಜಾಗಗಳಿಂದ. ಡಿಸ್ಕ್, ಬೂಟ್ ಆಗುವ ದಾರಿ, ಗಡಿಯಾರ, ಈ ಮೂರು. ಇವು ಅರ್ಥವಾದರೆ ಇನ್‌ಸ್ಟಾಲ್ ಮಾಡುವುದು ದೊಡ್ಡ ಕೆಲಸವೇ ಅಲ್ಲ.

ಡಿಸ್ಕ್‌ನ ಕಿರಿಕಿರಿಯಲ್ಲಿ ಜಾಸ್ತಿ ಪಾಲು ವಿಂಡೋಸಿನ ಫಾಸ್ಟ್ ಸ್ಟಾರ್ಟಪ್‌ನದ್ದು. ವಿಂಡೋಸ್ 8ರಿಂದ ಬಂದದ್ದು ಇದು. ನಾವು ಶಟ್ ಡೌನ್ ಕೊಟ್ಟಾಗ ವಿಂಡೋಸ್ ಪೂರ್ತಿ ಆಫ್ ಆಗುವುದಿಲ್ಲ. ತನ್ನ ಕರ್ನಲ್‌ನ (ಓಎಸ್‌ನ ತಿರುಳಿನ) ಸ್ಥಿತಿಯನ್ನು ಒಂದು ಫೈಲಿಗೆ ಬರೆದಿಟ್ಟು ಮಲಗುತ್ತದೆ. ಡ್ರೈವ್‌ನಲ್ಲಿ ಯಾವ ಫೈಲ್ ಎಲ್ಲಿದೆ ಎಂಬ ಚಿತ್ರಣವೂ ಅದರ ಜೊತೆ ಉಳಿದಿರುತ್ತದೆ. ಈಗ ಲಿನಕ್ಸಿಗೆ ಹೋಗಿ ಅದೇ ಡ್ರೈವ್‌ನಲ್ಲಿ ಹೊಸ ಫೈಲ್ ಬರೆದರೆ? ವಿಂಡೋಸ್ ಎದ್ದಾಗ ಅದಕ್ಕೆ ಹೊಸದರ ಸುದ್ದಿಯೇ ಗೊತ್ತಿರುವುದಿಲ್ಲ, ಹಳೇ ಚಿತ್ರಣವನ್ನೇ ನಂಬಿ ಬರೆಯುತ್ತದೆ, ಫೈಲುಗಳು ಕೆಡುತ್ತವೆ. ಹೀಗಾಗಬಾರದು ಅಂತಲೇ ಲಿನಕ್ಸ್ ಇಂಥ ಡ್ರೈವನ್ನು ಓದಲಿಕ್ಕೆ ಮಾತ್ರ ತೆರೆಯುತ್ತದೆ, ಕೆಲವೊಮ್ಮೆ ತೆರೆಯುವುದೇ ಇಲ್ಲ. "ಡಿ ಡ್ರೈವ್‌ಗೆ ಪೇಸ್ಟ್ ಆಗ್ತಾ ಇಲ್ಲ ಮಾರಾಯ" ಅಂತ ಯಾರಾದರೂ ಹೇಳಿದರೆ ಮೊದಲು ಇದನ್ನೇ ನೋಡಿ. ಬಲವಂತವಾಗಿ ಬರೆಯುವ ದಾರಿ ಹುಡುಕಬೇಡಿ.

ವಿಂಡೋಸಿನಲ್ಲಿ ಹೀಗೆ ಸ್ಥಿತಿಯನ್ನು ಫೈಲಿಗೆ ಬರೆದು ಮಲಗುವ ವ್ಯವಸ್ಥೆಯನ್ನೇ, ಅಂದರೆ ಹೈಬರ್ನೇಷನ್ ಅನ್ನೇ ಆಫ್ ಮಾಡುವುದು ನನಗೆ ಹಿಡಿಸಿದ ದಾರಿ. ಫಾಸ್ಟ್ ಸ್ಟಾರ್ಟಪ್ ಅದರ ಜೊತೆಗೇ ಹೋಗುತ್ತದೆ. ಇನ್ನೊಂದು ಲಾಭವೂ ಇದೆ. ಲಿನಕ್ಸಿಗೆ ಜಾಗ ಮಾಡಲಿಕ್ಕೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಶ್ರಿಂಕ್ ಕೊಡುತ್ತೇವಲ್ಲ, ಆಗ ಖಾಲಿ ಜಾಗ ಬೇಕಾದಷ್ಟಿದ್ದರೂ ಸ್ವಲ್ಪವೇ ಬಿಟ್ಟುಕೊಡುವುದುಂಟು. ಸರಿಸಲಿಕ್ಕೆ ಬಾರದ ಫೈಲುಗಳು ನಡುವೆ ಕೂತಿರುತ್ತವೆ, ಹೈಬರ್ನೇಷನ್ ಫೈಲ್ ಅವುಗಳಲ್ಲೊಂದು. ಅದು ಹೋದರೆ ಜಾಗ ಜಾಸ್ತಿ ಸಿಗಬಹುದು. ವಿಂಡೋಸ್ ಪಾರ್ಟಿಷನ್ (ಡಿಸ್ಕಿನಲ್ಲಿ ವಿಂಡೋಸಿನ ಪಾಲು) ಕಿರಿದು ಮಾಡುವ ಕೆಲಸ ವಿಂಡೋಸಿನ ಒಳಗಿಂದಲೇ ಆಗಲಿ. ಬಿಡಿಸಿದ ಜಾಗಕ್ಕೆ ಹೆಸರು, ಡ್ರೈವ್ ಅಕ್ಷರ ಏನೂ ಕೊಡದೆ ಹಾಗೇ ಬಿಡಿ. ಉಬುಂಟುವಿಗೆ 25 ಜಿಬಿ ಸಾಕು ಅನ್ನುತ್ತಾರೆ, 50 ಇಟ್ಟರೆ ಉಸಿರಾಡಲಿಕ್ಕೆ ಜಾಗ ಇರುತ್ತದೆ.

ಇದಕ್ಕೆಲ್ಲ ಕೈ ಹಾಕುವ ಮೊದಲು ಟ್ಯಾಲಿ ಡೇಟಾ, ಫೋಟೋ ಎಲ್ಲ ಹೊರಗಿನ ಡಿಸ್ಕಿಗೆ ಕಾಪಿ ಆಗಿರಬೇಕು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲಿಕ್ಕಾಗುವುದಿಲ್ಲ ಅಲ್ವಾ? ಪಾರ್ಟಿಷನ್ ಬದಲಾಗುವ ಹೊತ್ತಿಗೆ ಹೋದರೆ ಡೇಟಾ ಹೋದಂತೆಯೇ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಆದರೆ ಗುಡುಗುವ ಸಂಜೆ ಈ ಕೆಲಸ ಬೇಡ.

ವಿಂಡೋಸ್ 11 ಇರುವ ಲ್ಯಾಪ್‌ಟಾಪ್‌ನಲ್ಲಿ ಡ್ರೈವ್ ಎನ್‌ಕ್ರಿಪ್ಟ್ ಆಗಿದೆಯಾ (ಕೀ ಇಲ್ಲದೆ ಓದಲಿಕ್ಕಾಗದಂತೆ ಬೀಗ ಬಿದ್ದಿದೆಯಾ) ಅಂತಲೂ ನೋಡಿ. ಬೂಟ್ ಸೆಟ್ಟಿಂಗ್ ಬದಲಾದರೆ ಈ ಬೀಗ ಹಾಕುವ ಬಿಟ್‌ಲಾಕರ್ 48 ಅಂಕಿಯ ರಿಕವರಿ ಕೀ ಕೇಳಬಹುದು. ಅದು ಕೈಯಲ್ಲಿಲ್ಲದಿದ್ದರೆ ಡೇಟಾ ಕೂಡ ಕೈಯಲ್ಲಿಲ್ಲ. ಮೊದಲೇ ಕಾಗದದಲ್ಲಿ ಬರೆದಿಡಿ.

ಇನ್ನು ಗಡಿಯಾರ. ಲಿನಕ್ಸ್ ಬಳಸಿದ ಮೇಲೆ ಬೆಳಿಗ್ಗೆ 10 ಗಂಟೆಗೆ ವಿಂಡೋಸ್ ತೆರೆದರೆ 4:30 ತೋರಿಸುತ್ತದೆ. ವೈರಸ್ಸೂ ಅಲ್ಲ, ಮದರ್‌ಬೋರ್ಡಿನ ಸೆಲ್ ಹೋದದ್ದೂ ಅಲ್ಲ. ಮದರ್‌ಬೋರ್ಡಿನ ಗಡಿಯಾರದಲ್ಲಿ ಇರುವುದು ಸ್ಥಳೀಯ ಸಮಯ ಅಂತ ವಿಂಡೋಸ್ ತಿಳಿಯುತ್ತದೆ. ಲಿನಕ್ಸ್ ಅಲ್ಲಿ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ ಇಡುತ್ತದೆ. ನಮ್ಮ ಸಮಯ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ, ಆ ಐದೂವರೆಯೇ ಇಲ್ಲಿ ಕಾಣೆಯಾಗಿರುವುದು. ಟ್ಯಾಲಿ ಇರುವ ಮನೆಯಲ್ಲಿ ಇದನ್ನು ಸುಮ್ನೆ ಬಿಡುವಂತಿಲ್ಲ. ರಾತ್ರಿ 12 ದಾಟಿದ ಮೇಲೆ ಕೂತರೆ ಕಂಪ್ಯೂಟರಿನ ತಾರೀಖೇ ಹಿಂದಿನ ದಿನದ್ದಾಗಿರುತ್ತದೆ. ಲಿನಕ್ಸಿನ ಟೈಮ್‌ಡೇಟ್‌ಸಿಟಿಎಲ್ (timedatectl) ಆಜ್ಞೆಯಿಂದ, ಗಡಿಯಾರದಲ್ಲಿ ಸ್ಥಳೀಯ ಸಮಯವನ್ನೇ ಇಡು ಅಂತ ಹೇಳಬಹುದು. ಆಗ ಒಂದು ಎಚ್ಚರಿಕೆ ಕಾಣಿಸುತ್ತದೆ. ಅದಕ್ಕೆ ಮುಖ್ಯ ಕಾರಣ, ಬೇಸಿಗೆಗೊಮ್ಮೆ ಚಳಿಗಾಲಕ್ಕೊಮ್ಮೆ ಗಡಿಯಾರ ತಿರುಗಿಸುವ ದೇಶಗಳಲ್ಲಿ ಆಗುವ ಗೊಂದಲ. ಭಾರತದಲ್ಲಿ ಆ ಪದ್ಧತಿ ಇಲ್ಲ, ಮನೆಯ ಯಂತ್ರಕ್ಕೆ ಈ ದಾರಿ ನಡೆಯುತ್ತದೆ.

ಬೂಟ್ ಆಗುವ ದಾರಿಯಲ್ಲಿ ನೆನಪಿಡಬೇಕಾದ್ದು ಇಎಫ್‌ಐ ಪಾರ್ಟಿಷನ್. ಗಾತ್ರ ಚಿಕ್ಕದು, ಸಾಮಾನ್ಯವಾಗಿ 100 ಎಂಬಿ ಅಥವಾ ಅದಕ್ಕಿಂತ ಸ್ವಲ್ಪ ಜಾಸ್ತಿ. ವಿಂಡೋಸಿನ ಬೂಟ್ ಮ್ಯಾನೇಜರ್ ಇರುವುದು ಅಲ್ಲಿ, ಯಾವ ಓಎಸ್ ಬೇಕು ಅಂತ ಮೆನು ತೋರಿಸುವ ಲಿನಕ್ಸಿನ ಗ್ರಬ್ ಬಂದು ಕೂರುವುದೂ ಅಲ್ಲೇ, ತನ್ನದೇ ಬೇರೆ ಫೋಲ್ಡರಿನಲ್ಲಿ. ಇನ್‌ಸ್ಟಾಲ್ ಮಾಡುವಾಗ ಅದನ್ನು ಬಳಸಿ, ಫಾರ್ಮ್ಯಾಟ್ ಮಾತ್ರ ಮಾಡಬೇಡಿ. ವಿಂಡೋಸ್ ಯುಇಎಫ್‌ಐ (ಹಳೇ ಬಯೋಸ್‌ನ ಬದಲಿಗೆ ಬಂದ ಬೂಟ್ ವ್ಯವಸ್ಥೆ) ಮೋಡ್‌ನಲ್ಲಿದ್ದರೆ ಉಬುಂಟು ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವ್ ಕೂಡ ಅದೇ ಮೋಡ್‌ನಲ್ಲಿ ಬೂಟ್ ಆಗಬೇಕು.

ಮುಂದೆ ಯಾವತ್ತೋ ವಿಂಡೋಸ್ ಅಪ್‌ಡೇಟ್ ಆದ ಮೇಲೆ ಗ್ರಬ್ ಮೆನು ಬಾರದೆ ಸೀದಾ ವಿಂಡೋಸ್ ತೆರೆದುಕೊಂಡರೆ ಲಿನಕ್ಸ್ ಅಳಿಸಿಹೋಯಿತು ಅಂತ ತಿಳಿಯಬೇಡಿ. ಹೆಚ್ಚಾಗಿ ಬದಲಾಗಿರುವುದು ಬೂಟ್‌ನ ಸರದಿ ಅಷ್ಟೇ. ಯುಇಎಫ್‌ಐ ಸೆಟ್ಟಿಂಗ್‌ಗೆ ಹೋಗಿ ಉಬುಂಟು ಹೆಸರನ್ನು ಮೇಲೆ ತಂದು ಸೇವ್ ಮಾಡಿ. ಹೊಸದಾಗಿ ಇನ್‌ಸ್ಟಾಲ್ ಮಾಡಲಿಕ್ಕೆ ಹೊರಡುವ ಮೊದಲು ಇದನ್ನು ನೋಡಿ.